ಹದಿಹರೆಯದವರಲ್ಲಿ ಬೈಪೋಲಾರ್ ಕಾಯಿಲೆ ಗುರುತಿಸುವುದು ಹೇಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವೈದ್ಯರಿಗೂ ಆಪ್ತಸಮಾಲೋಚಕರಿಗೂ ಹಂತಹಂತದ ಮಾರ್ಗದರ್ಶಿ

ತಾಲೂಕು ಆಸ್ಪತ್ರೆಗಳಿಂದ ಜಿಲ್ಲಾ ಕೇಂದ್ರಕ್ಕೆ ಬರುವ ಚೀಟಿಗಳಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಸಿಟ್ಟು ಬಂದಾಗ ತಾಟು ಎಸೆಯುವ ಹುಡುಗನಿಗೆ ‘ಬೈಪೋಲಾರ್’ ಎಂದು ಬರೆದಿರುತ್ತದೆ. ನಿಜಕ್ಕೂ ಬೈಪೋಲಾರ್ ಇರುವ ಹುಡುಗಿಗೆ ‘ಖಿನ್ನತೆ’ ಎಂದಷ್ಟೇ ಬರೆದು ಖಿನ್ನತೆಯ ಮಾತ್ರೆ ಶುರುಮಾಡಿರುತ್ತಾರೆ. ಮೂರನೆಯವನು ದೇವರ ದನಿ ಕೇಳುತ್ತದೆ ಅಂದದ್ದಕ್ಕೆ ನೇರವಾಗಿ ‘ಸ್ಕಿಜೋಫ್ರೇನಿಯಾ’ ಆಗಿರುತ್ತಾನೆ. ಮೂರರಲ್ಲೂ ಲಕ್ಷಣಗಳನ್ನು ಎಣಿಸಿದ್ದಾರೆ, ಆದರೆ ಅವು ಯಾವಾಗ ಶುರುವಾದವು, ಎಷ್ಟು ದಿನ ಇದ್ದವು, ನಡುವೆ ಮಗು ತನ್ನ ಮೊದಲಿನ ಸ್ಥಿತಿಗೆ ಮರಳಿತ್ತೇ ಎಂದು ಯಾರೂ ಕೇಳಿಲ್ಲ.

ಬೈಪೋಲಾರ್ ಸ್ವಭಾವದ ಹೆಸರಲ್ಲ, ಎಪಿಸೋಡುಗಳ, ಅಂದರೆ ಶುರುವೂ ಕೊನೆಯೂ ಇರುವ ಉನ್ಮಾದ, ಖಿನ್ನತೆಯ ಅವಧಿಗಳ ಕಾಯಿಲೆ. ಆದ್ದರಿಂದ ಇಲ್ಲಿ ದಿನಾಂಕ ಹಿಡಿಯುವುದೇ ಮುಖ್ಯ ಕೆಲಸ, ಅದರ ಮುಂದೆ ಪ್ರಶ್ನಾವಳಿ, ರಕ್ತಪರೀಕ್ಷೆಗಳು ಪೂರಕ ಮಾತ್ರ. ಈ ಬರಹ ತಾಲೂಕು ಮಟ್ಟದ ವೈದ್ಯರು, ಮಕ್ಕಳ ತಜ್ಞರು, ಶಾಲಾ-ಕಾಲೇಜಿನ ಆಪ್ತಸಮಾಲೋಚಕರಿಗಾಗಿ. ಅಂತಿಮ ನಿರ್ಣಯ ಮನೋವೈದ್ಯರದ್ದು. ಆದರೆ ಆ ನಿರ್ಣಯ ಸರಿಯಾಗಲು ಬೇಕಾದ ಮಾಹಿತಿಯ ಮುಕ್ಕಾಲು ಪಾಲು ಊರಲ್ಲೇ ಸಿಗುತ್ತದೆ, ಊರಲ್ಲೇ ಕಳೆದೂ ಹೋಗುತ್ತದೆ. ತಂದೆ-ತಾಯಿ ಓದುತ್ತಿದ್ದರೆ 1, 3 ಮತ್ತು 5ನೇ ಹಂತಗಳು ನಿಮಗೂ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಟ್ಟು ಒಂದೂವರೆ ತಾಸು ಬೇಕು, ಎರಡು ಭೇಟಿಗೆ ಹಂಚಿದರೂ ನಡೆಯುತ್ತದೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಐದು ನಿಮಿಷಕ್ಕೆ ಈ ಕೆಲಸ ಆಗುವುದಿಲ್ಲ. ಮೊದಲ ದಿನ ಅಪಾಯವನ್ನಷ್ಟೇ ಅಳೆದು, ಮೂರು ದಿನದೊಳಗೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕರೆಸಿಕೊಳ್ಳಿ.

ಬಾಗಿಲು ಮುಚ್ಚಬಹುದಾದ ಒಂದು ಕೋಣೆ. ಅಡ್ಡಕ್ಕೆ ಉದ್ದವಿರುವ ಲೆಡ್ಜರ್ ಹಾಳೆ, ಮೂರು ಬಣ್ಣದ ಪೆನ್ನು. ಬಿ.ಪಿ. ಯಂತ್ರ, ಥರ್ಮಾಮೀಟರ್, ತೂಕದ ಯಂತ್ರ, ಟಾರ್ಚ್. ಮನೆಯವರು ತರಬೇಕಾದದ್ದನ್ನು ಫೋನಿನಲ್ಲೇ ಹೇಳಿಬಿಡಿ: ಹಳೆಯ ಎಲ್ಲ ಚೀಟಿಗಳು, ಖಾಲಿಯಾದ ಮಾತ್ರೆಯ ಸ್ಟ್ರಿಪ್‌ಗಳು, ಎರಡು ವರ್ಷದ ಅಂಕಪಟ್ಟಿ, ಶಾಲೆ ಅಥವಾ ಹಾಸ್ಟೆಲಿನ ಹಾಜರಿ ವಿವರ. ಮಗು ವಿಚಿತ್ರವಾಗಿ ವರ್ತಿಸಿದಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಅದೂ ಬರಲಿ. ನೋಡಿ, ವಿವರ ಬರೆದುಕೊಂಡು, ನಿಮ್ಮ ಫೋನಿಗೆ ಹಾಕಿಕೊಳ್ಳದೆ ಅಲ್ಲೇ ಬಿಡಿ. ಬೀಗರ ವಾಟ್ಸಾಪ್ ಗುಂಪಿಗೆ ಹೋದ ವಿಡಿಯೋ ಆ ಮಗುವನ್ನು ಕಾಯಿಲೆ ವಾಸಿಯಾದ ಮೇಲೂ ಕಾಡುತ್ತದೆ ಎಂದು ಮನೆಯವರಿಗೆ ಬಿಡಿಸಿ ಹೇಳಿ.

ಹಂತ 1: ಜೀವಕ್ಕೆ ಅಪಾಯ ಇದೆಯೇ ನೋಡಿ

ನಿರ್ಣಯ ಆಮೇಲೆ. ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. “ಬದುಕೋದು ಸಾಕಾಗೇತಿ ಅನಸ್ತದೇನು? ಹಂಗ ಅನಿಸಿದಾಗ ಏನರ ಮಾಡ್ಕೋಬೇಕು ಅಂತ ಇಚಾರ ಬಂದೈತೇನು?” ಎಂದು ಇಲ್ಲಿಯ ಮಾತಿನಲ್ಲೇ ಕೇಳಿದರೆ ಉತ್ತರ ಬರುತ್ತದೆ.

ಕಬ್ಬು, ದ್ರಾಕ್ಷಿ, ದಾಳಿಂಬೆ ಬೆಳೆಯುವ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಡಬ್ಬಿಗಳು ಕೈಗೆಟುಕುವಂತೆಯೇ ಇರುತ್ತವೆ. ‘ಜೋಪಾನ’ ಅಂದರೆ ಸಾಲದು. ಡಬ್ಬಿ ಎಲ್ಲಿದೆ, ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ, ಅವತ್ತೇ ಮನೆಯಿಂದ ಹೊರಗೆ ಸಾಗಿಸಲು ಹೇಳಿ. ಮನೆಯಲ್ಲಿರುವ ಮಾತ್ರೆಗಳೆಲ್ಲ ಹಿರಿಯರೊಬ್ಬರ ವಶದಲ್ಲಿರಲಿ.

ಮನಸ್ಸು ಕುಗ್ಗಿದ್ದು, ಮೈಯಲ್ಲಿ ಮಾತ್ರ ಚಡಪಡಿಕೆ, ವೇಗ, ನಿದ್ದೆಗೇಡು ತುಂಬಿದ್ದರೆ ಅದು ಮಿಶ್ರ ಸ್ಥಿತಿ. ಹರೆಯದ ಬೈಪೋಲಾರ್‌ನಲ್ಲಿ ಇದು ಅಪರೂಪವೇನಲ್ಲ, ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚಿರುವ ಸ್ಥಿತಿಯೂ ಹೌದು. ಅಂಥ ಮಗುವನ್ನು ‘ಮುಂದಿನ ವಾರ ಬಾ’ ಎಂದು ಕಳಿಸಬೇಡಿ.

ಇನ್ನೊಂದು ತುರ್ತು, ಮನಸ್ಸಿನ ಕಾಯಿಲೆಯಂತೆ ಕಾಣುವ ದೇಹದ ಕಾಯಿಲೆ. ಜ್ವರ, ಫಿಟ್ಸ್, ದಿನ-ಜಾಗ ತಿಳಿಯದ ಗೊಂದಲ, ಗಂಟೆಗಂಟೆಗೆ ಏರಿಳಿಯುವ ಎಚ್ಚರ, ಮುಖ-ಕೈ ತಾನಾಗಿ ಅಲುಗುವುದು ಇದ್ದರೆ ಮೆದುಳಿನ ಸೋಂಕು, ಉರಿಯೂತದ ಬಗ್ಗೆ ಮೊದಲು ಯೋಚಿಸಿ. ಕಣ್ಣಿನ ಪಾಪೆ ಅಗಲವಾಗಿ, ಬಾಯಿ ಒಣಗಿ, ಮೈ ಬಿಸಿಯಾಗಿ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದರೆ ದತ್ತೂರಿ ಬೀಜದ ವಿಷ ಇರಬಹುದು. ಇವರಿಗೆ ಬೇಕಾದದ್ದು 108 ವಾಹನ ಮತ್ತು ತೀವ್ರ ನಿಗಾ ಘಟಕ.

ಸಾಮಾನ್ಯ ತಪ್ಪು: ಗಲಾಟೆ ಮಾಡುತ್ತಿದ್ದಾನೆಂದು ಬಂದ ತಕ್ಷಣ ನಿದ್ದೆಯ ಇಂಜೆಕ್ಷನ್ ಕೊಡುವುದು. ಅನಿವಾರ್ಯವಾದರೆ ಕೊಡಲೇಬೇಕು. ಆದರೆ ಕೊಡುವ ಮುಂಚಿನ ಎರಡು ನಿಮಿಷ ಮಾತಿನ ವೇಗ, ಹೇಳಿದ ವಾಕ್ಯಗಳು, ಮುಖಭಾವ, ಜ್ವರ, ನಾಡಿ ಬರೆದಿಡಿ. ಮಗು ಮೂರು ದಿನ ಮಂಪರಿನಲ್ಲಿದ್ದರೆ ಮುಂದೆ ನೋಡುವವರಿಗೆ ಆ ನಾಲ್ಕು ಸಾಲೇ ಆಧಾರ.

ಹಂತ 2: ಮಾತಾಡಿಸುವ ಕ್ರಮ

ಮೊದಲು ಎಲ್ಲರೂ ಕೂಡಿ ಹತ್ತು ನಿಮಿಷ, ಆಮೇಲೆ ಮಗು ಒಂದೇ, ಕೊನೆಗೆ ತಂದೆ-ತಾಯಿ ಮಾತ್ರ. ಈ ಕ್ರಮ ತಪ್ಪಿಸಬೇಡಿ. ತಂದೆ-ತಾಯಿಯನ್ನು ಮೊದಲು ಒಳಗೆ ಕರೆದರೆ ನೀವು ಅವರ ಕಡೆಯವರು ಎಂದು ಮಗು ತೀರ್ಮಾನಿಸಿಬಿಡುತ್ತದೆ.

ಒಂಟಿಯಾಗಿ ಮಾತಾಡುವ ಮೊದಲು ಗುಟ್ಟಿನ ಗಡಿ ಹೇಳಿ. ಗಾಂಜಾ, ಗೆಳೆತನ, ಸಿಟ್ಟು, ಮನೆಯ ಜಗಳದ ಮಾತು ನಿಮ್ಮಲ್ಲೇ ಉಳಿಯುತ್ತದೆ. ಜೀವಕ್ಕೆ ಅಪಾಯ, ಲೈಂಗಿಕ ದೌರ್ಜನ್ಯದ ಮಾತು ಉಳಿಯುವುದಿಲ್ಲ. 2012ರ ಪೋಕ್ಸೋ ಕಾಯ್ದೆಯಡಿ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ವರದಿ ಮಾಡುವುದು ಕಡ್ಡಾಯ. ಮಾತು ಹೊರಬಿದ್ದ ಮೇಲೆ ಇದನ್ನು ಹೇಳಿದರೆ ಅದು ಮೋಸ ಮಾಡಿದಂತೆ.

ಭಾಷೆಯ ತೊಡಕು ಇಲ್ಲಿ ಚಿಕ್ಕದಲ್ಲ. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ದಖನಿ, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿರುವ ಮಕ್ಕಳು ಶಾಲೆಯ ಕನ್ನಡದಲ್ಲಿ ಮನಸ್ಸಿನ ಮಾತು ಹೇಳಲಾರರು. ಅನುವಾದಕ್ಕೆ ಅಣ್ಣ-ಅಕ್ಕನನ್ನು ಕೂರಿಸಬೇಡಿ, ನರ್ಸ್ ಅಥವಾ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಮಾತಿನ ಓಟ ತಪ್ಪಿದೆಯೇ ಎಂಬುದನ್ನು ಮನೆಮಾತು ಬಲ್ಲವರೇ ಹೇಳಬೇಕು.

ಹಂತ 3: ಕಾಯಿಲೆಯ ಮುಂಚಿನ ಮಗುವನ್ನು ಚಿತ್ರಿಸಿಕೊಳ್ಳಿ

ಯಾವ ಲಕ್ಷಣವನ್ನೂ ಕೇಳುವ ಮೊದಲು ಇದು. ಒಂಬತ್ತನೇ ಇಯತ್ತೆಯಲ್ಲಿ ಈ ಹುಡುಗ ಹೇಗಿದ್ದ? ಎಷ್ಟು ತಾಸು ಮಲಗುತ್ತಿದ್ದ, ಎಷ್ಟು ಮಾತಾಡುತ್ತಿದ್ದ, ಗೆಳೆಯರೆಷ್ಟು, ಕೈಗೆ ದುಡ್ಡು ಕೊಟ್ಟರೆ ಏನು ಮಾಡುತ್ತಿದ್ದ? ಹುಟ್ಟಿದಾಗಿನಿಂದ ಬಾಯಿಬಡಕನಾಗಿದ್ದವನು ಇವತ್ತೂ ಬಹಳ ಮಾತಾಡಿದರೆ ಅದು ಲಕ್ಷಣವಲ್ಲ. ಹಿರಿಯರ ಮುಂದೆ ತಲೆಯೆತ್ತದ ಹುಡುಗಿ ಒಂದು ವಾರದಿಂದ ಬಸ್‌ಸ್ಟ್ಯಾಂಡಿನಲ್ಲಿ ಭಾಷಣ ಮಾಡುತ್ತಿದ್ದರೆ ಅದು ಲಕ್ಷಣ.

ತಾಯಿಗೆ ಕೇಳುವ ಒಂದು ಪ್ರಶ್ನೆ ಬಹಳಷ್ಟು ಕೆಲಸ ಮಾಡುತ್ತದೆ: “ಇಂವ ಮೊದಲಿಂದನ ಹಿಂಗ ಇದ್ದನೋ, ಈಗೀಗ ಬ್ಯಾರೆ ಮನಶ್ಯಾನ ಆಗ್ಯಾನ ಅನಸ್ತದೋ?” ‘ಬ್ಯಾರೆ ಮನಶ್ಯಾ’ ಎಂದ ಕೂಡಲೇ ‘ಯಾವ ಹಬ್ಬದಿಂದ?’ ಎಂದು ಕೇಳಿ. ದಿನಾಂಕದ ಬೇಟೆ ಅಲ್ಲಿಂದ ಶುರು.

ಹಂತ 4: ಉನ್ಮಾದದ ಎಪಿಸೋಡ್ ಇದೆಯೇ ಹುಡುಕಿ

ಅಳತೆಗೋಲು ಇದು. ಅತಿಯಾದ ಉಲ್ಲಾಸ, ಉಬ್ಬು ಅಥವಾ ಸಿಡಿಮಿಡಿ, ಅದರ ಜೊತೆಗೇ ಹೆಚ್ಚಿದ ಚಟುವಟಿಕೆ-ಶಕ್ತಿ. ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು. ಡಿಎಸ್‌ಎಂ-5ರ (ಅಮೆರಿಕದ ಮನೋವೈದ್ಯರ ಸಂಘದ ನಿರ್ಣಯ ಕೈಪಿಡಿ) ಪ್ರಕಾರ ಉನ್ಮಾದ ಎನ್ನಲು ಕನಿಷ್ಠ 7 ದಿನ ಬೇಕು, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ದಿನದ ಲೆಕ್ಕವಿಲ್ಲ. ಲಘು ಉನ್ಮಾದಕ್ಕೆ ಸತತ 4 ದಿನ. ಇದರ ಮೇಲೆ ಏಳು ಲಕ್ಷಣಗಳಲ್ಲಿ ಮೂರಾದರೂ ಇರಬೇಕು. ಉಲ್ಲಾಸವೇ ಇಲ್ಲದೆ ಬರೀ ಸಿಡಿಮಿಡಿ ಇದ್ದರೆ ನಾಲ್ಕು.

ಏಳು ಲಕ್ಷಣ ಇವು: ತನ್ನ ಬಗ್ಗೆ ಅತಿಯಾದ ದೊಡ್ಡಸ್ತಿಕೆ, ನಿದ್ದೆಯ ಅಗತ್ಯವೇ ಕಡಿಮೆಯಾಗುವುದು, ತಡೆಯಲಾಗದ ಮಾತು, ಯೋಚನೆಗಳ ಓಟ, ಗಮನ ಚದುರುವುದು, ಕೆಲಸ-ಓಡಾಟ-ಕಾಮಾಸಕ್ತಿಯ ಹೆಚ್ಚಳ ಅಥವಾ ಗುರಿಯಿಲ್ಲದ ಚಡಪಡಿಕೆ, ಪರಿಣಾಮ ಯೋಚಿಸದ ಸಾಹಸ-ಖರ್ಚು.

ಇವುಗಳಲ್ಲಿ ನಿದ್ದೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ, ಅತಿ ಹೆಚ್ಚು ತಪ್ಪಾಗುವುದೂ ಅಲ್ಲೇ. ರಾತ್ರಿ ಎರಡರ ತನಕ ಮೊಬೈಲ್ ನೋಡಿ, ಕ್ಲಾಸಿನಲ್ಲಿ ತೂಕಡಿಸಿ, ರವಿವಾರ ಹನ್ನೊಂದಕ್ಕೆ ಏಳುವುದು ನಿದ್ದೆಯ ಕೊರತೆ. ಮಲಗಬೇಕೆಂದು ಒದ್ದಾಡಿ ನಿದ್ದೆ ಬಾರದೆ ಮುಂಜಾನೆ ಬಳಲುವುದು ನಿದ್ರಾಹೀನತೆ. ಮೂರು ತಾಸು ಮಲಗಿ ನಸುಕಿನ ನಾಲ್ಕಕ್ಕೆದ್ದು, ದನದ ಕೊಟ್ಟಿಗೆ ಬಳಿದು, ಮನೆಯ ಪಾತ್ರೆಯೆಲ್ಲ ತೊಳೆದು, ದಣಿವೇ ಇಲ್ಲದೆ ಮತ್ತೇನು ಮಾಡಲಿ ಎನ್ನುವುದು ಉನ್ಮಾದದ ನಿದ್ದೆ. ಕೇಳುವ ಬಗೆ: “ರಾತ್ರಿ ಎಷ್ಟು ತಾಸು ಮಲಗ್ತಿ? ಮುಂಜಾನೆ ಎದ್ದಾಗ ಮೈ ಭಾರ ಅನಸ್ತದೋ, ಹುರುಪು ಇರ್ತದೋ? ಹಿಂಗ ಎಷ್ಟು ದಿನ ಆತು?”

ಯೋಚನೆಯ ಓಟಕ್ಕೆ: “ತಲ್ಯಾಗ ಒಂದರ ಹಿಂದ ಒಂದು ಇಚಾರ ಓಡತಾವೇನು? ಬಾಯಿಲೆ ಹೇಳೂದ್ರಾಗ ಮುಂದಿಂದು ಬಂದಬಿಡ್ತದೇನು?” ಆತಂಕದ ಮಕ್ಕಳೂ ಹೌದು ಎನ್ನುತ್ತಾರೆ. ಅವರಲ್ಲಿ ಒಂದೇ ಚಿಂತೆ ಗಾಣದಂತೆ ತಿರುಗುತ್ತದೆ, ಉನ್ಮಾದದಲ್ಲಿ ವಿಷಯವೇ ಬದಲಾಗುತ್ತ ಹೋಗುತ್ತದೆ.

ದೊಡ್ಡಸ್ತಿಕೆಯನ್ನು ವಯಸ್ಸಿಗೆ ತಕ್ಕಂತೆ ತೂಗಿ. ನೀಟ್‌ನಲ್ಲಿ ರ‍್ಯಾಂಕ್ ಬರುತ್ತೇನೆ ಎಂದು ಹದಿನೇಳರ ಹುಡುಗ ಹೇಳುವುದು ಆಸೆ. ಪುಸ್ತಕ ಹರಿದೆಸೆದು ‘ನನಗೆ ಓದೋದು ಬೇಕಾಗಿಲ್ಲ, ಪೇಪರ್ ನೋಡಿದ ಕೂಡಲೆ ಉತ್ತರ ತಾನ ಬರ್ತಾವ’ ಎನ್ನುವುದು, ಹೆಡ್‌ಮಾಸ್ತರರನ್ನು ವಜಾ ಮಾಡಿದ್ದೇನೆಂದು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸುವುದು ಲಕ್ಷಣ. ಕೈಗೆ ಸಿಗುವ ಸಾಕ್ಷ್ಯ ಬೇಕಿದ್ದರೆ ಫೋನ್‌ಪೇ ಪಟ್ಟಿ, ರಾತ್ರಿ ಕಳಿಸಿದ ಸಂದೇಶಗಳ ಸಮಯ, ಗೆಳೆಯರಿಗೆ ಹಂಚಿದ ದುಡ್ಡನ್ನು ಕೇಳಿ.

ಲೈಂಗಿಕ ವರ್ತನೆಯ ಪ್ರಶ್ನೆಯನ್ನು ನಾಚಿಕೆಯಿಂದ ಬಿಟ್ಟುಬಿಡುತ್ತೇವೆ. ಮಗು ಒಂದೇ ಇದ್ದಾಗ, ತೀರ್ಪಿನ ದನಿಯಿಲ್ಲದೆ ಕೇಳಿ. ಇಂಥ ವರ್ತನೆ ಕಂಡಾಗ ಉನ್ಮಾದವೂ ಇರಬಹುದು, ದೌರ್ಜನ್ಯಕ್ಕೆ ಒಳಗಾಗಿರಲೂಬಹುದು, ಎರಡೂ ಸೇರಿರಬಹುದು. ಒಂದು ಸಿಕ್ಕಿತೆಂದು ಇನ್ನೊಂದನ್ನು ಕೇಳದೆ ಬಿಡಬೇಡಿ.

ಭ್ರಮೆ ಅಥವಾ ಇಲ್ಲದ ದನಿ ಕೇಳುವುದು ಇದ್ದರೆ, ಇಲ್ಲವೇ ಆಸ್ಪತ್ರೆಗೆ ಸೇರಿಸಬೇಕಾದರೆ ಅದು ‘ಲಘು’ ಅಲ್ಲ, ಪೂರ್ಣ ಉನ್ಮಾದ. ಒಂದೇ ಪೂರ್ಣ ಉನ್ಮಾದ ಸಾಬೀತಾದರೂ ಬೈಪೋಲಾರ್-1 ಆಗುತ್ತದೆ, ಖಿನ್ನತೆ ಬಂದಿರಲೇಬೇಕೆಂದಿಲ್ಲ. ಬೈಪೋಲಾರ್-2ಕ್ಕೆ ಲಘು ಉನ್ಮಾದದ ಒಂದು ಎಪಿಸೋಡ್ ಮತ್ತು ಖಿನ್ನತೆಯ ಒಂದು ಎಪಿಸೋಡ್, ಎರಡೂ ಬೇಕು.

‘ಮುಂಜಾನೆ ನಗ್ತಾಳ, ಮಧ್ಯಾಹ್ನ ಅಳ್ತಾಳ, ಸಂಜಿಗೆ ಸಿಟ್ಟು’ ಎಂಬ ದೂರು ಬಹಳ ಬರುತ್ತದೆ. ದಿನಕ್ಕೆ ನಾಲ್ಕು ಸಲ ಬದಲಾಗುವ ಮನಸ್ಸು ಬೈಪೋಲಾರ್ ಅಲ್ಲ. ‘ರ‍್ಯಾಪಿಡ್ ಸೈಕ್ಲಿಂಗ್’ ಅನ್ನುವುದು ಕೂಡ ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಎಪಿಸೋಡುಗಳಿಗೆ, ದಿನಕ್ಕೆ ನಾಲ್ಕು ಮೂಡುಗಳಿಗಲ್ಲ. ಬ್ರಿಟನ್ನಿನ ನೈಸ್ ಮಾರ್ಗಸೂಚಿಯಂತೂ ಮಕ್ಕಳು, ಹರೆಯದವರಲ್ಲಿ ಸಿಡಿಮಿಡಿಯನ್ನು ಮುಖ್ಯ ಲಕ್ಷಣವೆಂದೇ ಎಣಿಸುವುದಿಲ್ಲ, ಉಲ್ಲಾಸ ಇರಲೇಬೇಕು ಎನ್ನುತ್ತದೆ. ಅಷ್ಟು ಕಟ್ಟುನಿಟ್ಟು ಬೇಡವೆನಿಸಿದರೂ, ಬರೀ ಸಿಟ್ಟಿನ ಮೇಲೆ ನಿಂತ ನಿರ್ಣಯವನ್ನು ನಂಬದಿರುವುದು ಒಳ್ಳೆಯದು. ಹತ್ತು-ಹನ್ನೆರಡು ವರ್ಷದೊಳಗಿನ ಮಗುವಾದರೆ ಇನ್ನೂ ಹೆಚ್ಚು ಅನುಮಾನಿಸಿ, ಆ ವಯಸ್ಸಿನಲ್ಲಿ ನಿಜವಾದ ಉನ್ಮಾದ ವಿರಳ.

ಹಂತ 5: ಕಾಲಪಟ್ಟಿ ಬರೆಯಿರಿ

ಲೆಡ್ಜರ್ ಹಾಳೆಯ ನಡುವೆ ಅಡ್ಡಗೆರೆ ಎಳೆಯಿರಿ. ಅದು ಮಗುವಿನ ಎಂದಿನ ಸ್ಥಿತಿ. ಗೆರೆಯ ಮೇಲೆ ಕೆಂಪಿನಲ್ಲಿ ಉನ್ಮಾದ, ಕೆಳಗೆ ನೀಲಿಯಲ್ಲಿ ಖಿನ್ನತೆ, ಅಂಚಿಗೆ ಕಪ್ಪಿನಲ್ಲಿ ಔಷಧ, ನಶೆ, ಪರೀಕ್ಷೆ, ಮನೆಯ ಘಟನೆಗಳು. ಎರಡು ವರ್ಷ ಹಿಂದಕ್ಕೆ ಹೋಗಿ.

ತಾರೀಖು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಕಾರಹುಣ್ಣಿಮೆ, ನಾಗರಪಂಚಮಿ, ಗಣೇಶ ಚೌತಿ, ದಸರಾ ಸೂಟಿ, ದೀಪಾವಳಿ, ಬನಶಂಕರಿ ಜಾತ್ರೆ ಅಥವಾ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಹೋಳಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ, ರಂಜಾನ್: ಇವನ್ನು ಮೊದಲೇ ಗೆರೆಯ ಮೇಲೆ ಬರೆದುಕೊಂಡು ‘ಇದಕ್ಕಿಂತ ಮೊದಲೋ ಆಮೇಲೋ’ ಎಂದು ಕೇಳುತ್ತ ಹೋಗಿ. ಕಬ್ಬು ಕಡಿಯಲು ಹೋಗುವ, ಗೋವಾಕ್ಕೆ ದುಡಿಯಲು ಹೋಗುವ ಕುಟುಂಬವಾದರೆ ತಂದೆ-ತಾಯಿ ಊರಲ್ಲಿಲ್ಲದ ತಿಂಗಳುಗಳನ್ನು ಬೇರೆ ಗುರುತಿಸಿ. ಆ ಅವಧಿಯ ಮಾಹಿತಿ ಅಜ್ಜಿ ಅಥವಾ ಹಾಸ್ಟೆಲ್ ವಾರ್ಡನ್ ಕೊಡಬೇಕು. ತಂದೆ-ತಾಯಿಯ ‘ಚೆನ್ನಾಗೇ ಇದ್ದ’ ಅಲ್ಲಿ ಸಾಕ್ಷಿಯಾಗದು.

ಒಂದು ಕಲ್ಪಿತ ಪಟ್ಟಿ ನೋಡಿ. ಹದಿನಾರರ ಹುಡುಗಿ, ಪಿಯುಸಿ, ಹಾಸ್ಟೆಲ್ ವಾಸ. ಜೂನ್‌ನಿಂದ ಆಗಸ್ಟ್ ತನಕ ಗೆರೆಗುಂಟವೇ, ಅಂದರೆ ಎಂದಿನಂತೆ. ಗಣೇಶ ಚೌತಿ ಆದಮೇಲೆ ಇಳಿಮುಖ: ದಿನಕ್ಕೆ ಹನ್ನೊಂದು ತಾಸು ನಿದ್ದೆ, ಊಟ ಬೇಡ, ಕೋಣೆ ಬಿಟ್ಟು ಬರುವುದಿಲ್ಲ, ಐದು ವಾರ. ದಸರಾ ಸೂಟಿಯಲ್ಲಿ ಊರಿನ ವೈದ್ಯರಿಂದ ಖಿನ್ನತೆಯ ಮಾತ್ರೆ ಎಸ್ಸಿಟಲೋಪ್ರಾಂ 10 ಮಿ.ಗ್ರಾಂ. ಮೂರನೇ ವಾರಕ್ಕೆ ನಿದ್ದೆ ಮೂರು ತಾಸಿಗಿಳಿದು, ಸಹಪಾಠಿಗಳಿಗೆಲ್ಲ ಸೀರೆ ಕೊಡಿಸುತ್ತೇನೆಂದು ಸಾಲ, ರಾತ್ರಿಯಿಡೀ ಹಾಡು, ತಡೆದರೆ ಹೊಡೆತ, ಒಂಬತ್ತು ದಿನ. ಬರೀ ಈ ಕೊನೆಯ ಭಾಗ ನೋಡಿದವರು ‘ಹುಡುಗಿ ಹದ್ದುಮೀರಿದಳು’ ಎನ್ನುತ್ತಾರೆ. ನಡುವಿನ ಭಾಗ ಮಾತ್ರ ನೋಡಿದವರು ಖಿನ್ನತೆ ಎನ್ನುತ್ತಾರೆ. ಇನ್ನೂ ಹಿಂದಕ್ಕೆ ಕೆದಕಿದಾಗ ತಾಯಿ ‘ಹ್ವಾದ ವರ್ಷ ಹೋಳಿ ಹೊತ್ತಿಗೆ ಐದಾರು ದಿನ ಭಾಳ ಚುರುಕಾಗಿದ್ಲು, ನಿದ್ದಿನ ಇರಲಿಲ್ಲ, ನಮಗೂ ಖುಷಿ ಆಗಿತ್ತು’ ಅಂದರೆ, ಔಷಧವಿಲ್ಲದೆ ಬಂದ ಲಘು ಉನ್ಮಾದ ಸಿಕ್ಕಿತು. ಲಘು ಉನ್ಮಾದವನ್ನು ಯಾರೂ ದೂರಿನ ರೂಪದಲ್ಲಿ ತರುವುದಿಲ್ಲ, ನೀವೇ ಕೇಳಬೇಕು.

ಖಿನ್ನತೆಯ ಮಾತ್ರೆಯಿಂದ ಉನ್ಮಾದ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ? ಮಾತ್ರೆ ನಿಲ್ಲಿಸಿ, ಅದರ ಪ್ರಭಾವ ದೇಹದಿಂದ ಇಳಿದ ಮೇಲೂ ಪೂರ್ಣ ಪ್ರಮಾಣದಲ್ಲಿ ಮುಂದುವರಿದರೆ ಹಿಡಿಯಬೇಕು. ಮಾತ್ರೆ ಶುರುವಾದ ದಿನ, ನಿಂತ ದಿನ, ನಿದ್ದೆ ಸರಿಹೋದ ದಿನ, ಈ ಮೂರೂ ಪಟ್ಟಿಯಲ್ಲಿರಲಿ.

ಹಂತ 6: ‘ಖಿನ್ನತೆ ಮಾತ್ರ’ ಎಂದು ಬಂದವರಲ್ಲಿ ಎಚ್ಚರ

ಹರೆಯದ ಬೈಪೋಲಾರ್ ಬಹಳ ಸಲ ಖಿನ್ನತೆಯಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಖಿನ್ನತೆಯ ಅಳತೆ ಎರಡು ವಾರ, ಒಂಬತ್ತರಲ್ಲಿ ಐದು ಲಕ್ಷಣ. ಅಲ್ಲಿಗೇ ನಿಲ್ಲಬೇಡಿ. ಅತಿನಿದ್ದೆ, ಮೈ-ಮಾತು ಸೀಸದಂತೆ ನಿಧಾನವಾಗುವುದು, ಖಿನ್ನತೆಯ ಜೊತೆ ಭ್ರಮೆ, ಏಕಾಏಕಿ ಶುರುವಾಗಿ ಏಕಾಏಕಿ ಬಿಡುವುದು, ಮಾತ್ರೆಯಿಂದ ಚಡಪಡಿಕೆ ಹೆಚ್ಚಾದ ಇತಿಹಾಸ, ಇವು ಮುಂದೆ ಬೈಪೋಲಾರ್ ಆಗಬಹುದೆಂಬ ಸುಳಿವುಗಳು. ಸುಳಿವು ಮಾತ್ರ, ನಿರ್ಣಯವಲ್ಲ.

ಮನೆತನದ ವಿಚಾರವನ್ನು ‘ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ?’ ಎಂದು ಕೇಳಿದರೆ ಉತ್ತರ ಸದಾ ‘ಇಲ್ರಿ’. ಹೀಗೆ ಕೇಳಿ: ಯಾರಾದರೂ ಬಾವಿಗೆ ಬಿದ್ದವರು, ಎಣ್ಣಿ (ಕೀಟನಾಶಕ) ಕುಡಿದವರು ಇದ್ದಾರೆಯೇ, ಬಾಣಂತನದಲ್ಲಿ ತಲೆ ಕೆಟ್ಟವರು, ಧಾರವಾಡಕ್ಕೆ (ಮನೋರೋಗ ಆಸ್ಪತ್ರೆಗೆ) ಹೋಗಿ ಮಾತ್ರೆ ತಂದವರು, ವರ್ಷಕ್ಕೊಮ್ಮೆ ಮನೆ ಬಿಟ್ಟುಹೋಗಿ ತಿರುಗಿ ಬರುವವರು, ಇದ್ದಕ್ಕಿದ್ದಂತೆ ಹೊಲ ಮಾರಿ ದುಡ್ಡು ಹಂಚಿದವರು? ಸೋದರ ಸಂಬಂಧದ ಮದುವೆಗಳಿರುವಲ್ಲಿ ಎರಡೂ ಕಡೆಯ ಮನೆತನ ಒಂದೇ ಆಗಿರುತ್ತದೆ, ವಂಶವೃಕ್ಷ ಬರೆಯುವುದೇ ವಾಸಿ. ತಂದೆ, ತಾಯಿ, ಒಡಹುಟ್ಟಿದವರಿಗೆ ಬೈಪೋಲಾರ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಆದರೂ ಅಂಥ ಮಕ್ಕಳಲ್ಲಿ ಬಹುಪಾಲಿಗೆ ಅದು ಬರುವುದಿಲ್ಲ.

ಹಂತ 7: ಅದರಂತೆ ಕಾಣುವ ಬೇರೆ ಕಾಯಿಲೆಗಳನ್ನು ಬೇರ್ಪಡಿಸಿ

*ಎಡಿಎಚ್‌ಡಿ.* ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಇದು. ಮಾತು, ಚಡಪಡಿಕೆ, ಗಮನ ಚದುರುವುದು ಇದರಲ್ಲೂ ಉನ್ಮಾದದಲ್ಲೂ ಇವೆ, ಇವುಗಳಿಂದ ಏನೂ ತೀರ್ಮಾನವಾಗದು. ಎಡಿಎಚ್‌ಡಿ 12 ವರ್ಷಕ್ಕಿಂತ ಮೊದಲೇ ಶುರುವಾಗಿ ಎಡೆಬಿಡದೆ ಇರುತ್ತದೆ, ಒಂದನೇ ಇಯತ್ತೆಯ ಮಾಸ್ತರರೂ ದೂರಿರುತ್ತಾರೆ. ಉಲ್ಲಾಸ, ದೊಡ್ಡಸ್ತಿಕೆ, ನಿದ್ದೆಯ ಅಗತ್ಯ ಕುಗ್ಗುವುದು, ಕಾಮಾಸಕ್ತಿ ಏರುವುದು ಉನ್ಮಾದದ ಕಡೆಗೆ ಬೆರಳು ತೋರುತ್ತವೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ಎಡಿಎಚ್‌ಡಿಯ ಲಕ್ಷಣವನ್ನು ಗೆರೆಯ ಎತ್ತರವೆಂದು ತಿಳಿದು, ಅದರ ಮೇಲೆ ಏರಿದ್ದನ್ನಷ್ಟೇ ಎಣಿಸಿ.

*ಸದಾ ಸಿಡುಕಿನ ಮಗು.* ವಾರಕ್ಕೆ ಮೂರು ಅಥವಾ ಹೆಚ್ಚು ಸಲ ಸಿಟ್ಟಿನ ಸ್ಫೋಟ, ನಡುವೆಯೂ ಗಂಟುಮೋರೆ, 12 ತಿಂಗಳಿನಿಂದ, 10 ವರ್ಷದೊಳಗೆ ಶುರು. ಡಿಎಸ್‌ಎಂ-5 ಇದಕ್ಕೆ ಡಿಎಂಡಿಡಿ ಎಂಬ ಬೇರೆಯೇ ನಿರ್ಣಯ ಕೊಟ್ಟಿದೆ. ಅಮೆರಿಕದಲ್ಲಿ ಇಂಥ ಮಕ್ಕಳಿಗೆಲ್ಲ ಬೈಪೋಲಾರ್ ಹಣೆಪಟ್ಟಿ ಹಚ್ಚಿದ್ದರಿಂದಲೇ ಅದು ಹುಟ್ಟಿತು. ಚೀಟಿಗಳಲ್ಲಿ ‘ಬೈಪೋಲಾರ್’ ಎಂದು ಬರುವ ಸಿಟ್ಟಿನ ಹುಡುಗರಲ್ಲಿ ಹಲವರು ಈ ಗುಂಪಿನವರು.

*ನಶೆ.* ಗಾಂಜಾ, ಸಾರಾಯಿ, ಕೆಮ್ಮಿನ ಔಷಧ, ವೈಟ್ನರ್, ಪಂಕ್ಚರ್ ಅಂಗಡಿಯ ಸೊಲ್ಯೂಶನ್, ಹೆಸರು ಹಿಡಿದೇ ಕೇಳಿ. ಗಾಂಜಾ ಒಂದೆರಡು ಸಲ ಸೇದಿದವರ ಮೂತ್ರದಲ್ಲಿ ಮೂರ್ನಾಲ್ಕು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಕಾಣುತ್ತದೆ. ವೈಟ್ನರ್, ಸೊಲ್ಯೂಶನ್ ಸಾಮಾನ್ಯ ಸ್ಟ್ರಿಪ್ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ. ಉನ್ಮಾದ ಬಂದಮೇಲೆ ನಶೆ ಹಿಡಿದನೋ, ನಶೆ ಹಿಡಿದ ಮೇಲೆ ಉನ್ಮಾದವೋ ಎಂಬುದನ್ನು ಕಾಲಪಟ್ಟಿ ಹೇಳುತ್ತದೆ. ಪರೀಕ್ಷೆ ಪಾಸಿಟಿವ್ ಎಂದ ಮಾತ್ರಕ್ಕೆ ಬೈಪೋಲಾರ್ ಸಾಧ್ಯತೆ ಅಳಿಯುವುದಿಲ್ಲ.

*ಔಷಧಗಳು.* ಉಬ್ಬಸ, ಕೀಲುನೋವಿಗೆ ಕೊಟ್ಟ ಸ್ಟೀರಾಯ್ಡ್, ಕ್ಷಯದ ಐಸೋನಿಯಾಜಿಡ್, ಥೈರಾಯ್ಡ್ ಮಾತ್ರೆ ಹೆಚ್ಚಾದದ್ದು. ಚೀಟಿಯಿಲ್ಲದೆ ಕೊಟ್ಟ ‘ದಪ್ಪಾಗೋ ಗುಳಿಗಿ’ಯಲ್ಲೂ ಸ್ಟೀರಾಯ್ಡ್ ಇರಬಹುದು. ಖಾಲಿ ಸ್ಟ್ರಿಪ್ ತರಿಸಿದ್ದು ಇದಕ್ಕೇ.

*ಸ್ಕಿಜೋಫ್ರೇನಿಯಾ.* ಹರೆಯದ ಉನ್ಮಾದದಲ್ಲಿ ದನಿ ಕೇಳುವುದು, ಸಂಶಯ, ಭ್ರಮೆ ಸಾಕಷ್ಟು ಸಾಮಾನ್ಯ, ಈ ತಪ್ಪಿಗೆ ಅದೇ ಕಾರಣ. ಭ್ರಮೆಯು ಮೂಡಿನ ಎಪಿಸೋಡ್ ಇದ್ದಾಗ ಮಾತ್ರವೇ, ಮೂಡ್ ಸರಿಹೋದ ಮೇಲೂ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಶುರುವಾಗುವ ಮುಂಚಿನ ಒಂದು ವರ್ಷ ಮೆಲ್ಲಗೆ ಓದಿನಲ್ಲಿ ಹಿಂದೆ ಬಿದ್ದು, ಗೆಳೆಯರನ್ನು ಬಿಟ್ಟು, ಸ್ನಾನ ಮರೆತಿದ್ದರೆ ಸ್ಕಿಜೋಫ್ರೇನಿಯಾದ ಕಡೆ ವಾಲುತ್ತದೆ. ಮೊದಲ ಎಪಿಸೋಡಿನಲ್ಲಿ ಖಚಿತವಾಗದಿದ್ದರೆ ಹಾಗೆಂದೇ ಬರೆಯಿರಿ.

*ಮೈಮೇಲೆ ಬರುವುದು.* ಸವದತ್ತಿ, ಚಿಂಚಲಿ ಜಾತ್ರೆಗಳ ಸೀಮೆಯಲ್ಲಿ ಇದನ್ನು ಕೇಳದೆ ಮುಂದೆ ಹೋಗಲಾಗದು. ಪೂಜೆ, ಚೌಡಕಿಯ ಸಪ್ಪಳದ ನಡುವೆ ಬಂದು, ನಿಮಿಷ ಅಥವಾ ತಾಸಿನಲ್ಲಿ ಇಳಿದು, ಮಾರನೇ ದಿನ ಎಂದಿನಂತೆ ಶಾಲೆಗೆ ಹೋದರೆ ಅದನ್ನು ಕಾಯಿಲೆ ಎನ್ನಬೇಡಿ. ಉನ್ಮಾದದ ಮಗುವೂ ‘ನನ್ನ ಮೈಯಾಗ ಯಲ್ಲವ್ವ ಬಂದಾಳ’ ಅನ್ನಬಹುದು. ಆದರೆ ಗುಡಿಯಲ್ಲಿ, ಮನೆಯಲ್ಲಿ, ಕ್ಲಾಸಿನಲ್ಲಿ, ಹಗಲೂ ರಾತ್ರಿ, ವಾರಗಟ್ಟಲೆ. ಆ ಮನೆತನದ ಹಿರಿಯರನ್ನೇ ಕೇಳಿ: “ನಿಮ್ಮಲ್ಲಿ ದೇವರು ಬರೋ ರೀತಿ ಹಿಂಗ ಇರ್ತದೇನ್ರಿ?” ‘ಇಲ್ರಿ, ಇದು ಬ್ಯಾರೆನ ಐತಿ’ ಎಂದು ಅವರೇ ಹೇಳುತ್ತಾರೆ. ಅವರ ನಂಬಿಕೆಯನ್ನು ಹೀಗಳೆದರೆ ಮುಂದಿನ ಭೇಟಿಗೆ ಬರುವುದಿಲ್ಲ. ಹರಕೆ ತೀರಿಸಲಿ, ಮಾತ್ರೆಯೂ ನಡೆಯಲಿ. ಕಟ್ಟಿಹಾಕಿದ, ಬರೆ ಎಳೆದ ಗಾಯಗಳಿದ್ದರೆ, ದೇವರಿಗೆ ಬಿಡುವ ಅಥವಾ ‘ಮದುವಿ ಮಾಡಿದ್ರ ಸರಿಹೋಗ್ತಾಳ’ ಎಂಬ ಮಾತು ಬಂದರೆ ಅದು ಮಕ್ಕಳ ರಕ್ಷಣೆಯ ವಿಷಯ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ದೌರ್ಜನ್ಯದ ಆಘಾತ, ಆತಂಕ, ಕೈ ಕೊಯ್ದುಕೊಳ್ಳುವ ಅಭ್ಯಾಸವಿರುವ ಭಾವನಾತ್ಮಕ ಅಸ್ಥಿರತೆ, ಇವುಗಳಲ್ಲಿ ಮನಸ್ಸಿನ ಏರಿಳಿತ ಯಾವುದಾದರೂ ಘಟನೆಗೆ ಅಂಟಿಕೊಂಡಿರುತ್ತದೆ ಮತ್ತು ತಾಸುಗಳಲ್ಲಿ ಬದಲಾಗುತ್ತದೆ.

ಹಂತ 8: ದೇಹ ಪರೀಕ್ಷೆ, ರಕ್ತ ಪರೀಕ್ಷೆ

ಬೈಪೋಲಾರ್ ತೋರಿಸುವ ರಕ್ತಪರೀಕ್ಷೆ ಅಥವಾ ಸ್ಕ್ಯಾನ್ ಇಲ್ಲ. ಪರೀಕ್ಷೆ ಮಾಡಿಸುವುದು ಬೇರೆ ಕಾರಣ ತಳ್ಳಿಹಾಕಲು ಮತ್ತು ಮುಂದೆ ಕೊಡುವ ಔಷಧಕ್ಕೆ ಆಧಾರವಾಗಿ. ರಕ್ತಕಣಗಳ ಎಣಿಕೆ, ಟಿಎಸ್‌ಎಚ್ (ಥೈರಾಯ್ಡ್), ಸಕ್ಕರೆ, ಕ್ರಿಯೇಟಿನಿನ್, ಯಕೃತ್ತಿನ ಪರೀಕ್ಷೆ, ಕ್ಯಾಲ್ಸಿಯಂ, ಮೂತ್ರದಲ್ಲಿ ನಶೆಯ ಅಂಶ, ಇಷ್ಟು ಸಾಕು. ತೂಕ, ಸೊಂಟದ ಸುತ್ತಳತೆ, ಬಿ.ಪಿ. ಬರೆದಿಡಿ. ಹುಡುಗಿಯರಲ್ಲಿ ಗರ್ಭ ಪರೀಕ್ಷೆ, ಅವಳಿಗೆ ತಿಳಿಸಿಯೇ. ಉನ್ಮಾದಕ್ಕೆ ಕೊಡುವ, ಆದರೆ ಗರ್ಭಸ್ಥ ಶಿಶುವಿಗೆ ಹಾನಿ ಮಾಡುವ ವಾಲ್‌ಪ್ರೊಯೇಟನ್ನು ಹರೆಯದ ಹುಡುಗಿಯರಿಗೆ ಆದಷ್ಟೂ ಕೊಡಬಾರದು.

ಕೈ ನಡುಕ, ಮಾತು ತೊದಲು, ಕಾಮಾಲೆಯ ಇತಿಹಾಸ, ಕಣ್ಣಿನ ಕರಿಗುಡ್ಡೆಯ ಹೊರ ಅಂಚಿನಲ್ಲಿ ಕಂದು ಉಂಗುರ ಇದ್ದರೆ ವಿಲ್ಸನ್ ಕಾಯಿಲೆಗೆ (ದೇಹದಲ್ಲಿ ತಾಮ್ರ ಶೇಖರವಾಗುವ ಕಾಯಿಲೆ) ಪರೀಕ್ಷಿಸಿ. ಎಂಆರ್‌ಐ, ಇಇಜಿ ಎಲ್ಲರಿಗೂ ಬೇಡ. ಫಿಟ್ಸ್, ತಲೆಪೆಟ್ಟು, ನರದೋಷ, ಗೊಂದಲ ಇದ್ದವರಿಗೆ ಸಾಕು. ಸ್ಕ್ಯಾನ್ ‘ನಾರ್ಮಲ್’ ಬಂತೆಂದು ‘ಏನೂ ಇಲ್ಲ, ನಾಟಕ ಮಾಡ್ತಾನ’ ಎಂದು ಮನೆಯವರು ತೀರ್ಮಾನಿಸುವುದು ಈ ಪರೀಕ್ಷೆಗಳ ದೊಡ್ಡ ಅಡ್ಡಪರಿಣಾಮ.

ಹಂತ 9: ಪ್ರಶ್ನಾವಳಿಗಳನ್ನು ಅವುಗಳ ಜಾಗದಲ್ಲಿಡಿ

ಯಂಗ್ ಮೇನಿಯಾ ರೇಟಿಂಗ್ ಸ್ಕೇಲ್‌ನಲ್ಲಿ 11 ಅಂಶ, ಗರಿಷ್ಠ 60 ಅಂಕ. ಸಿಡುಕು, ಮಾತು, ಯೋಚನೆಯ ತಿರುಳು, ಆಕ್ರಮಣಶೀಲತೆ, ಈ ನಾಲ್ಕಕ್ಕೆ ಮಾತ್ರ 8ರ ತನಕ ಅಂಕ, ಉಳಿದವಕ್ಕೆ 4ರ ತನಕ. ಅದು ಉನ್ಮಾದದ ತೀವ್ರತೆ ಅಳೆಯುತ್ತದೆ, ಉನ್ಮಾದ ಹೌದೋ ಅಲ್ಲವೋ ಎಂದು ಹೇಳುವುದಿಲ್ಲ. ಸಿಟ್ಟಿನ ಹುಡುಗನಿಗೂ ಅಂಕ ಏರುತ್ತದೆ. 13 ಪ್ರಶ್ನೆಗಳ ಮೂಡ್ ಡಿಸಾರ್ಡರ್ ಪ್ರಶ್ನಾವಳಿಯ ಹರೆಯದ ಆವೃತ್ತಿಯನ್ನು ತಾಯಿ-ತಂದೆಯಿಂದ ತುಂಬಿಸಿ, ಮಕ್ಕಳ ಸ್ವಂತ ಉತ್ತರಕ್ಕಿಂತ ಅವರದ್ದು ಹೆಚ್ಚು ನಂಬಿಕೆಗೆ ಅರ್ಹ. ಇಂಟರ್ನೆಟ್‌ನಲ್ಲಿ ತುಂಬಿ ತಂದ ಸ್ಕೋರನ್ನು ನಿರ್ಣಯದ ಜಾಗದಲ್ಲಿ ಬರೆಯಬೇಡಿ.

ಹಂತ 10: ನಿರ್ಣಯ ಬರೆಯುವುದು, ಕಳಿಸುವುದು

ಎಪಿಸೋಡ್ ಸ್ಪಷ್ಟವಿದ್ದು ಬೇರೆ ಕಾರಣ ಸಿಗದಿದ್ದರೆ ನಾಲ್ಕು ವಿವರ ಇರಲಿ: ವಿಧ, ಈಗಿನ ಎಪಿಸೋಡ್, ತೀವ್ರತೆ, ಭ್ರಮೆ ಇದೆಯೋ ಇಲ್ಲವೋ. ಸ್ಪಷ್ಟವಿಲ್ಲದಿದ್ದರೆ ‘ಶಂಕಿತ’ ಎಂದು ಬರೆದು, ಯಾವ ಅಂಶ ಸಿಗಲಿಲ್ಲ ಎಂದು ಒಂದು ಸಾಲು ಸೇರಿಸಿ. ತಜ್ಞರು ನೋಡುವ ತನಕ ಖಿನ್ನತೆಯ ಮಾತ್ರೆಯನ್ನು ಒಂಟಿಯಾಗಿ ಶುರುಮಾಡಬೇಡಿ. ಅದು ಈಗಾಗಲೇ ನಡೆಯುತ್ತಿದ್ದು ಉನ್ಮಾದ ಕಂಡರೆ ಅದೇ ದಿನ ಮನೋವೈದ್ಯರಿಗೆ ಫೋನ್ ಮಾಡಿ ಕೇಳಿ.

ಮನೆಯವರಿಗೆ ಹೇಳುವಾಗ ಮಗು ಎದುರಿಗಿರಲಿ. ಇದು ಸೊಕ್ಕಲ್ಲ, ಸಾಕಿದ್ದರಲ್ಲಿ ತಪ್ಪಿಲ್ಲ, ಔಷಧವಿದೆ, ಈ ಮೂರನ್ನು ಮೊದಲು ಹೇಳಿ. ಜೀವನಪೂರ್ತಿ ಎಂಬ ಮಾತನ್ನು ಮೊದಲ ದಿನವೇ ತರಬೇಕಿಲ್ಲ.

ಕಳಿಸುವ ಜಾಗಗಳು: ಬೆಳಗಾವಿಯಲ್ಲಿ ಬಿಮ್ಸ್ ಆಸ್ಪತ್ರೆ, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಜಿಲ್ಲಾಸ್ಪತ್ರೆ, ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ, ಬಿಎಲ್‌ಡಿಇ ಬಿ.ಎಂ. ಪಾಟೀಲ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗ. ನಿರ್ಣಯ ಜಟಿಲವಾದರೆ ಧಾರವಾಡದ ಡಿಮ್ಹಾನ್ಸ್, ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹರೆಯದವರ ವಿಭಾಗ. ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿ. ರಾತ್ರಿ ಹೊತ್ತು ದಾರಿ ಕಾಣದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. 18ರೊಳಗಿನವರನ್ನು ಒಳರೋಗಿಯಾಗಿ ಸೇರಿಸಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಬೇರೆ ನಿಯಮವಿದೆ. ದೊಡ್ಡವರ ವಾರ್ಡಿನಿಂದ ಪ್ರತ್ಯೇಕ ಇರಿಸಬೇಕು, ಜೊತೆಗೆ ಮನೆಯವರೊಬ್ಬರು ಇರಬೇಕು. ಹೋಗುವವರು ಹಾಸಿಗೆ-ಬಟ್ಟೆ ಸಮೇತ ತಯಾರಾಗಿರಲಿ.

ಹಂತ 11: ನಿರ್ಣಯವನ್ನು ಮತ್ತೆ ಪರೀಕ್ಷಿಸಿ

ಎರಡು ವಾರ, ಒಂದು ತಿಂಗಳು, ಮೂರು ತಿಂಗಳಿಗೆ ಕರೆಸಿ, ಅದೇ ಲೆಡ್ಜರ್ ಹಾಳೆಯನ್ನು ಮುಂದುವರಿಸಿ. ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ನಿದ್ದೆಯ ತಾಸು ಮತ್ತು ಮನಸ್ಸಿನ ಸ್ಥಿತಿಗೆ ಮೈನಸ್ 3ರಿಂದ ಪ್ಲಸ್ 3ರ ತನಕ ಒಂದು ಅಂಕಿ ಬರೆಯಲು ಹೇಳಿ. ಬರೆಯಬೇಕಾದವರು ಮಗುವೇ, ತಾಯಿ ಬರೆದರೆ ಅದು ಪೊಲೀಸ್ ಡೈರಿಯಾಗುತ್ತದೆ.

ಈ ಕೆಳಗಿನವು ಕಂಡರೆ ಮೊದಲ ನಿರ್ಣಯ ತಪ್ಪಿರಬಹುದು: ಆರು ತಿಂಗಳಾದರೂ ಸ್ಪಷ್ಟ ಎಪಿಸೋಡ್ ಕಾಲಪಟ್ಟಿಯಲ್ಲಿ ಮೂಡದಿರುವುದು; ಮೂಡ್ ಸರಿಯಿದ್ದೂ ಭ್ರಮೆ ಉಳಿಯುವುದು; ರಜೆಯಲ್ಲಿ, ಅಜ್ಜಿಯ ಊರಲ್ಲಿ ಲಕ್ಷಣವೇ ಇಲ್ಲದಿರುವುದು; ನಶೆ ಬಿಟ್ಟಾಗ ಎಲ್ಲ ಸರಿಹೋಗುವುದು; ಓದು, ನೆನಪು, ನಡಿಗೆ ದಿನೇ ದಿನೇ ಕುಸಿಯುವುದು. ಕೊನೆಯದನ್ನು ಕಂಡರೆ ಮನೋರೋಗ ವಿಭಾಗಕ್ಕಿಂತ ಮೊದಲು ನರರೋಗ ತಜ್ಞರ ಬಳಿ ಕಳಿಸಿ.

ಮಗು ಬೇರೆ ಆಸ್ಪತ್ರೆಗೆ ಹೋಗುವಾಗ ಚೀಟಿಯ ಜೊತೆ ಕಾಲಪಟ್ಟಿಯ ಜೆರಾಕ್ಸ್ ಪ್ರತಿ ಕೊಡಿ, ಮೂಲ ಪ್ರತಿ ನಿಮ್ಮ ಫೈಲಿನಲ್ಲಿರಲಿ. ಚೀಟಿಯಲ್ಲಿ ಕೊಟ್ಟ ಔಷಧಗಳ ಹೆಸರು, ಪ್ರಮಾಣ, ಶುರು-ನಿಂತ ದಿನ, ಇಂಜೆಕ್ಷನ್‌ಗೆ ಮುಂಚೆ ಬರೆದಿಟ್ಟ ಆ ನಾಲ್ಕು ಸಾಲು, ಮನೆಯಲ್ಲಿ ವಿಷದ ಡಬ್ಬಿ ಸಾಗಿಸಿದ್ದಾರೋ ಇಲ್ಲವೋ ಎಂಬುದು ಇರಲಿ. ಶಾಲೆಗೆ ಕೊಡುವ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು ಬೇಡ, ‘ವೈದ್ಯಕೀಯ ಚಿಕಿತ್ಸೆಯಲ್ಲಿದ್ದಾರೆ’ ಎಂದಿದ್ದರೆ ಹಾಜರಿಗೆ ಸಾಕಾಗುತ್ತದೆ.